ಇಳಕಲ್ ಸೀರಿ ಅಂಗಡಿ: ಮಾರ್ಕೆಟಿಂಗ್ ಮಂದಿ ಯಾಕ ನಿಲ್ಲಂಗಿಲ್ಲ?

ಅಣ್ಣಾರ, ಇಳಕಲ್ಲಿನ ನಿಮ್ಮ ಅಂಗಡಿಯೊಳಗ ಇನ್‌ಸ್ಟಾಗ್ರಾಂ ನೋಡ್ಕೊಳ್ಳೋರು ವರ್ಷದೊಳಗ ಪುಣೆ ಹಾದಿ ಹಿಡೀತಾರ, ಪಗಾರ ಏರಿಸಿದ್ರ ನಿಲ್ತಾರೇನು ಅಂತ ಕೇಳೀರಿ. ರಾಜೀನಾಮೆ ಕೊಟ್ಟ ಮ್ಯಾಲ ಏರಿಸಿದ್ರ ತಡ ಆತು. ಆರು ತಿಂಗಳಿಗೊಮ್ಮೆ ನೀವಾಗೇ ಕರೆದು ಮಾತಾಡ್ರಿ. ಆದ್ರ ದೊಡ್ಡ ತೊಡಕು ಬ್ಯಾರೆ ಐತಿ: ಪ್ರತಿ ಪೋಸ್ಟಿಗೂ ನಿಮ್ಮ ಒಪ್ಪಿಗೆ, ನಡುವ ಬಿಲ್ ಬರಿಯೋ ಕೆಲಸ ಅಂದ್ರ ಅವರು ಕಲಿಯೂದೇನು? ತಿಂಗಳಿಗೆ 8,000 ರೂಪಾಯಿ ಜಾಹೀರಾತಿನ ರೊಕ್ಕ ಅವರ ಕೈಗೇ ಬಿಡ್ರಿ. ಸೋಮವಾರ ಅರ್ಧ ತಾಸು ಕೂತು ಎಷ್ಟು ಮಂದಿ ವಿಚಾರಿಸಿದ್ರು, ಎಷ್ಟು ಸೀರಿ ಹೋದ್ವು, ಒಂದು ಆರ್ಡರಿಗೆ ಖರ್ಚೆಷ್ಟು ನೋಡ್ರಿ. ವಿಚಾರಣೆ ಬಂದೂ ಮಾರಾಟ ಆಗ್ಲಿಲ್ಲಂದ್ರ ರೇಟು, ಉತ್ತರ ಕೊಡೋ ವೇಗ ತಪಾಸ ಮಾಡ್ರಿ. ಹೊಸದಾಗಿ ಕೆಲಸಕ್ಕ ಬಂದೋರನ್ನ ಮೊದಲ ವಾರ ಮಗ್ಗದ ಮುಂದ ಕೂಡಿಸ್ರಿ. ಒಡಲಿನ ಎಳಿಗೆ ಸೆರಗಿನ ರೇಷ್ಮಿ ಎಳಿ ಕೊಂಡಿ ಹಾಕೂದನ್ನ ಕಣ್ಣಾರೆ ಕಂಡವರ ವಿಡಿಯೋನೇ ಬ್ಯಾರೆ. ಪೇಜು, ಜಾಹೀರಾತು ಖಾತೆ ಮಾತ್ರ ಅಂಗಡಿ ಹೆಸರಿನಾಗ ಇರ್ಲಿ.