ಆ ವೋಟು ಎಲ್ಲಿಂದ ಬಂತು?

ಪ್ರಿಯ ಗೆಳೆಯರೇ,

ದಕ್ಷಿಣ ಆಫ್ರಿಕಾದ ಡೆಮಾಕ್ರಟಿಕ್ ಅಲೈಯನ್ಸ್ ಪಕ್ಷ ಬೆಳೆದು ಬಂದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ನಿಮ್ಮ ಲೆಕ್ಕ ಸರಿಯಿದೆ. 1994ರಲ್ಲಿ, ಆಗಿನ್ನೂ ಅದು ಡೆಮಾಕ್ರಟಿಕ್ ಪಾರ್ಟಿ, ಶೇ. 1.7 ವೋಟು, 7 ಸೀಟು. 1999ರಲ್ಲಿ 38. 2014ರಲ್ಲಿ ಶೇ. 22 ವೋಟು, 89 ಸೀಟು. ಸುಮ್ನೆ ಮೆಟ್ಟಿಲು ಹತ್ತಿದ ಹಾಗೆ ಹೇಳಿಕೊಂಡು ಹೋಗಿದ್ದೀರಿ. ಆ ವೋಟು ಎಲ್ಲಿಂದ ಬಂತು ಅಂತ ಒಂದು ಕಡೆಯೂ ಕೇಳಿಲ್ಲ.

ಹೆಲೆನ್ ಸುಜ್ಮನ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 1961ರಿಂದ 1974ರವರೆಗೆ ಪ್ರೋಗ್ರೆಸಿವ್ ಪಾರ್ಟಿಗೆ ಸಂಸತ್ತಿನಲ್ಲಿ ಇದ್ದದ್ದು ಅವರೊಬ್ಬರೇ. ಹದಿಮೂರು ವರ್ಷ ಒಂಟಿಯಾಗಿ ಎದ್ದು ನಿಂತು ವರ್ಣಭೇದದ ಕಾನೂನುಗಳನ್ನು ವಿರೋಧಿಸಿದರು. ಡೆಮಾಕ್ರಟಿಕ್ ಪಾರ್ಟಿ ಅದೇ ಬೇರಿನಿಂದ ಬಂದದ್ದು. ಆದರೆ 1999ರಲ್ಲಿ ಅದಕ್ಕೆ ವೋಟು ಹಾಕಿದವರಲ್ಲಿ ಬಹಳ ಮಂದಿ ಮೊದಲು ನ್ಯಾಷನಲ್ ಪಾರ್ಟಿಯ ಕಡೆ ಇದ್ದವರು. ಅಂದರೆ ವರ್ಣಭೇದವನ್ನು ಜಾರಿಗೆ ತಂದ ಪಕ್ಷ. ಐದೇ ವರ್ಷದಲ್ಲಿ ಅದು ಶೇ. 20ರಿಂದ 7ಕ್ಕೆ ಕುಸಿದಿತ್ತು. ಸುಜ್ಮನ್ ಯಾರ ಎದುರು ನಿಂತಿದ್ದರೋ, ಅವರ ವೋಟಿನಿಂದಲೇ ಪಕ್ಷ ಬೆಳೆಯಿತು. ಲೇಖನದ ಜೀವ ಇರುವುದೇ ಇಲ್ಲಿ, ಅಲ್ವಾ?

ಆ ಚುನಾವಣೆಯ ಘೋಷಣೆಯನ್ನೂ ಬಿಟ್ಟಿದ್ದೀರಿ. ಟೋನಿ ಲಿಯಾನ್ ನಾಯಕತ್ವದ ಡೆಮಾಕ್ರಟಿಕ್ ಪಾರ್ಟಿ 'ಫೈಟ್ ಬ್ಯಾಕ್' ಅಂದಿತು, ತಿರುಗಿ ಹೋರಾಡಿ ಅಂತ. ಆಳುತ್ತಿದ್ದ ಎಎನ್‌ಸಿ, ಅಂದರೆ ಮಂಡೇಲಾ ಅವರ ಪಕ್ಷ, ಅದಕ್ಕೆ ಒಂದು ಅಕ್ಷರ ಸೇರಿಸಿ 'ಫೈಟ್ ಬ್ಲ್ಯಾಕ್' ಮಾಡಿತು, ಕಪ್ಪು ಜನರ ವಿರುದ್ಧ ಹೋರಾಡಿ ಅಂತ. ಬಿಳಿಯರ ಪಕ್ಷ ಎಂಬ ಹಣೆಪಟ್ಟಿಯನ್ನು ಡೆಮಾಕ್ರಟಿಕ್ ಅಲೈಯನ್ಸ್‌ಗೆ ಇಂದಿಗೂ ಪೂರ್ತಿ ಕಿತ್ತುಹಾಕಲು ಆಗಿಲ್ಲ. ಸೊವೆಟೊದಲ್ಲಿ ಬೆಳೆದ ಮೂಸಿ ಮೈಮಾನೆ 2015ರಲ್ಲಿ ಪಕ್ಷದ ಮೊದಲ ಕಪ್ಪು ನಾಯಕರಾದರು. 2019ರಲ್ಲಿ ವೋಟು ಇಳಿಯಿತು. ಅದೇ ವರ್ಷ ಅವರು ಹುದ್ದೆಯನ್ನಷ್ಟೇ ಅಲ್ಲ, ಪಕ್ಷವನ್ನೇ ಬಿಟ್ಟರು. ಇದಕ್ಕೆ ಒಂದು ಪುಟವಾದರೂ ಕೊಡಿ.

2006ರಲ್ಲಿ ಇದೇ ಪಕ್ಷದ ಹೆಲೆನ್ ಝಿಲ್ಲೆ ಏಳು ಪಕ್ಷಗಳ ಮೈತ್ರಿ ಕಟ್ಟಿಕೊಂಡು ಕೇಪ್ ಟೌನ್ ಮೇಯರ್ ಆದ ಭಾಗ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಕೊನೆಯ ಭಾಗ ಮಾತ್ರ ತಪ್ಪು ದಾರಿ ಹಿಡಿದಿದೆ. 2024ರಲ್ಲಿ ಕೇಂದ್ರ ಸರ್ಕಾರ ಸೇರಿದ್ದನ್ನು ಪಕ್ಷದ ದೊಡ್ಡ ಗೆಲುವು ಎಂದಿದ್ದೀರಿ. ಅವರ ವೋಟು ಶೇ. 21.8, ಅಂದರೆ 2014ಕ್ಕಿಂತ ಸ್ವಲ್ಪ ಕಡಿಮೆಯೇ. ಬಿದ್ದದ್ದು ಎಎನ್‌ಸಿ, ಶೇ. 57ರಿಂದ 40ಕ್ಕೆ. ಬಾಗಿಲು ತೆರೆದದ್ದು ಆ ಕಾರಣಕ್ಕೆ.

'ಹೊಸ ಪರ್ವ', 'ಮೈಲಿಗಲ್ಲು' ಜಾಸ್ತಿಯಾಗಿವೆ, ತೆಗೆಯಿರಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಉದ್ದವಾದರೂ ಪರವಾಗಿಲ್ಲ.

ನಿಮ್ಮ,
ಸಂಪಾದಕ