ಹಳೆಯ ಅಮೆರಿಕನ್ ಗೂಡ್ಸ್ ವ್ಯಾಗನ್‌ನ ಒಂದೇ ಒಂದು ಫೋಟೋ ಇದೆ, ಇದನ್ನು ನಂಬಿ ಮಾಡೆಲ್ ಮಾಡಬಹುದಾ?

ನೀವು ಕೇಳಿದ್ದು ಇಷ್ಟು ಅಲ್ವಾ: ಅಮೆರಿಕದಲ್ಲಿರುವ ನಿಮ್ಮ ಅಣ್ಣ ಹಳೆ ಸಾಮಾನಿನ ಅಂಗಡಿಯಿಂದ ಒಂದು ಬಾಕ್ಸ್‌ಕಾರ್ (ಮುಚ್ಚಿದ ಗೂಡ್ಸ್ ವ್ಯಾಗನ್) ಫೋಟೋ ತಂದುಕೊಟ್ಟಿದ್ದಾರೆ. ಅದನ್ನು ನೋಡಿ ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗದ ಗಾತ್ರದಲ್ಲಿ, ಮಾಡೆಲ್ ಮಾಡಬೇಕು. ಡ್ರಾಯಿಂಗ್ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಫೋಟೋವನ್ನೇ ಅಳೆದುಕೊಂಡರೆ ಸಾಕಾ, ಫೋಟೋದಲ್ಲಿ ವ್ಯಾಗನ್ ಕಪ್ಪಗಿದೆ, ಕಪ್ಪು ಬಣ್ಣವನ್ನೇ ಹೊಡೆಯಬೇಕಾ ಅಂತ.

ಕಪ್ಪು ಬಣ್ಣದ ಡಬ್ಬಿ ಇನ್ನೂ ತೆರೆಯಬೇಡಿ. ಅದರ ವಿಷಯ ಕೊನೆಗೆ ಹೇಳ್ತೀನಿ.

ನಾನು ಹುಬ್ಬಳ್ಳಿ ವರ್ಕ್‌ಶಾಪ್‌ನ ಡ್ರಾಯಿಂಗ್ ಆಫೀಸಿನಲ್ಲಿದ್ದವನು. ರಿಟೈರ್ ಆದ ಮೇಲೆ ವರ್ಷಕ್ಕೆ ಆರು ತಿಂಗಳು ಶಿಕಾಗೋ ಹತ್ತಿರ ಮಗಳ ಮನೆಯಲ್ಲಿರುತ್ತೇನೆ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಮೊಮ್ಮಗನಿಗೆ ಅಂತ ತಂದ ಆಟದ ರೈಲು ಅವನಿಗೆ ಎರಡು ತಿಂಗಳಲ್ಲಿ ಬೇಜಾರಾಯಿತು, ನನಗೆ ಇನ್ನೂ ಆಗಿಲ್ಲ.

ಎಲ್ಲರೂ ಮೊದಲು ಡ್ರಾಯಿಂಗ್ ಹುಡುಕೋಕೆ ಓಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ವ್ಯಾಗನ್ ಮೈಮೇಲೆ ಬರೆದಿರುವುದನ್ನು ಓದಿ. ನಮ್ಮ ವ್ಯಾಗನ್‌ಗಳ ಮೇಲೆ ಪಿಒಎಚ್ (ಕಾಲಕಾಲಕ್ಕೆ ಮಾಡುವ ದೊಡ್ಡ ರಿಪೇರಿ) ಯಾವ ವರ್ಕ್‌ಶಾಪ್‌ನಲ್ಲಿ ಆಯ್ತು, ಯಾವ ತಾರೀಖು, ಮತ್ತೆ ಯಾವಾಗ ವಾಪಸ್ ಬರಬೇಕು ಅಂತ ಬರೆದಿರುತ್ತಾರಲ್ಲ, ಅಮೆರಿಕದವರು ಅದಕ್ಕಿಂತ ಜಾಸ್ತಿ ಬರೆಯುತ್ತಿದ್ದರು. ಸಾಮಾನ್ಯವಾಗಿ ಬಾಗಿಲಿನ ಎಡಗಡೆ ಕಂಪನಿಯ ಇನಿಷಿಯಲ್, ನಂಬರ್, ಅದರ ಕೆಳಗೆ ಎಷ್ಟು ತುಂಬಬಹುದು, ಖಾಲಿ ತೂಕ ಎಷ್ಟು. ಬಲಗಡೆ ಒಳಗಿನ ಉದ್ದ, ಅಗಲ, ಎತ್ತರ, ಎಷ್ಟು ಘನ ಅಡಿ. ಎಲ್ಲೋ ಒಂದು ಕಡೆ ಸಣ್ಣದಾಗಿ 'ಬಿಎಲ್‌ಟಿ' ಅಂತ ಬರೆದು ತಿಂಗಳು, ವರ್ಷ. ಅದು ಕಟ್ಟಿದ ದಿನ. ಖಾಲಿ ತೂಕದ ಪಕ್ಕ 'ನ್ಯೂ' ಅಂತಿದ್ದರೆ ಹೊಸದಾಗಿದ್ದಾಗ ತೂಗಿದ್ದು. ಆಮೇಲೆ ಮತ್ತೆ ತೂಗಿದಾಗ ಹಳೆಯದನ್ನು ಬಳಿದು, ಹೊಸ ತೂಕ, ತೂಗಿದ ಜಾಗದ ಗುರುತು, ತಾರೀಖು ಹಾಕುತ್ತಿದ್ದರು.

ಒಂದು ಉದಾಹರಣೆ ಕೊಡ್ತೀನಿ. ನನ್ನ ಹತ್ತಿರ ಪೋಸ್ಟ್‌ಕಾರ್ಡ್ ಗಾತ್ರದ ಒಂದು ಫೋಟೋ ಇದೆ. ಬೆನ್ನ ಮೇಲೆ ಯಾರೋ ಪೆನ್ಸಿಲ್‌ನಲ್ಲಿ 1930 ಅಂತ ಗೀಚಿದ್ದಾರೆ. ನಾನೂ ಆರು ತಿಂಗಳು ಅದನ್ನೇ ನಂಬಿದ್ದೆ. ಒಂದು ದಿನ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ನೋಡಿದರೆ, ಇಡೀ ವ್ಯಾಗನ್ ಮಸಿ, ಧೂಳು, ಆದರೆ ತೂಕದ ಸಾಲಿನ ಕೊನೆಯಲ್ಲಿ ಮಾತ್ರ ಅಂಗೈಯಷ್ಟು ಜಾಗ ಒರೆಸಿ ಬಣ್ಣ ಬಳಿದ ಹಾಗಿದೆ, ಅದರ ಮೇಲೆ ಹೊಚ್ಚ ಹೊಸ ಬಿಳಿ ಅಕ್ಷರದಲ್ಲಿ 4-41. ಇನ್ನೂ ಕೆಳಗೆ, ಚಕ್ರದ ಮೇಲ್ಗಡೆ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ ಇನ್ನೊಂದು ಬರಹ. ಅದು 11-41. ಆಗಿನ ಆಕ್ಸಲ್ ಬಾಕ್ಸ್‌ನಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿ ನೂಲಿನ ವೇಸ್ಟ್ ತುರುಕುತ್ತಿದ್ದರು. ಅದನ್ನು ಬದಲಾಯಿಸಿದಾಗಲೆಲ್ಲ ಜಾಗ, ತಾರೀಖು ಬರೆಯಬೇಕಿತ್ತು. ಹಾಗಾಗಿ ಈ ಫೋಟೋ 1941ರ ನವೆಂಬರ್‌ಗಿಂತ ಮುಂಚಿನದಾಗಿರಲು ಸಾಧ್ಯವೇ ಇಲ್ಲ. ಪೆನ್ಸಿಲ್ ಪುಣ್ಯಾತ್ಮ ಹನ್ನೊಂದು ವರ್ಷ ಹಿಂದೆ ಹೋಗಿದ್ದ.

ಇನಿಷಿಯಲ್, ನಂಬರ್ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ. 1885ರಿಂದ 'ಅಫಿಷಿಯಲ್ ರೈಲ್ವೇ ಎಕ್ವಿಪ್‌ಮೆಂಟ್ ರಿಜಿಸ್ಟರ್' ಅಂತ ಒಂದು ದಪ್ಪ ಪುಸ್ತಕ ಬರುತ್ತಿತ್ತು. ಯಾವ ಕಂಪನಿಯ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಯಾವ ಥರದ ವ್ಯಾಗನ್, ಒಳಗಿನ ಅಳತೆ ಎಷ್ಟು, ಬಾಗಿಲು ಎಷ್ಟು ಅಗಲ, ಎಷ್ಟು ಉಳಿದಿವೆ ಅಂತ ಟೇಬಲ್. ಓದೋಕೆ ಟೆಲಿಫೋನ್ ಡೈರೆಕ್ಟರಿಯಷ್ಟೇ ರಸ. ಆದರೆ ಎರಡು ಬೇರೆ ವರ್ಷದ ಪ್ರತಿ ಪಕ್ಕಪಕ್ಕ ಇಟ್ಟುಕೊಂಡು ನೋಡಿ. 500 ಇದ್ದದ್ದು 312ಕ್ಕೆ ಇಳಿದಿದ್ದರೆ, ಇನ್ನೊಂದು ಹೊಸ ನಂಬರ್ ಸಾಲು ಹುಟ್ಟಿಕೊಂಡಿದ್ದರೆ, ಆ ಕಂಪನಿ ಹಳೆಯದನ್ನು ಬಿಚ್ಚಿ ಬೇರೆ ಥರ ಕಟ್ಟಿರಬಹುದು ಅಂತ ಅನುಮಾನ ಪಡಬೇಕು. ಹಳೆಯ ಪ್ರತಿಗಳು ಹಾತಿಟ್ರಸ್ಟ್ ಅನ್ನೋ ಆನ್‌ಲೈನ್ ಲೈಬ್ರರಿ, ಗೂಗಲ್ ಬುಕ್ಸ್‌ನಲ್ಲಿ ಸಿಗುತ್ತವೆ. ಮನೆಯಲ್ಲೇ ಕೂತು ನೋಡಬಹುದು.

ಈಗ ಡ್ರಾಯಿಂಗ್. 'ಕಾರ್ ಬಿಲ್ಡರ್ಸ್ ಡಿಕ್ಷನರಿ' 1879ರಲ್ಲಿ ಮೊದಲು ಬಂತು, ಆಮೇಲೆ 'ಸೈಕ್ಲೋಪೀಡಿಯ' ಅಂತ ಹೆಸರು ಬದಲಾಯಿತು. ಅದರ ಹಳೆಯ ಸಂಪುಟಗಳು ಪುಕ್ಕಟೆ ಸಿಗುತ್ತವೆ, ಡ್ರಾಯಿಂಗ್ ತುಂಬಾ ಇವೆ. ಆ ಕಾಲದ ರೈಲ್ವೆ ಪತ್ರಿಕೆಗಳಲ್ಲೂ ಹೊಸ ವ್ಯಾಗನ್ ಬಂದಾಗ ಡ್ರಾಯಿಂಗ್ ಸಮೇತ ಲೇಖನ ಹಾಕುತ್ತಿದ್ದರು. ಇದರಲ್ಲಿ ಸಿಗದಿದ್ದರೆ ಮ್ಯೂಸಿಯಂಗಳು: ಸ್ಯಾಕ್ರಮೆಂಟೋದಲ್ಲಿರುವ ಕ್ಯಾಲಿಫೋರ್ನಿಯಾ ಸ್ಟೇಟ್ ರೈಲ್‌ರೋಡ್ ಮ್ಯೂಸಿಯಂನ ಲೈಬ್ರರಿ, ಸೇಂಟ್ ಲೂಯಿಸ್‌ನ ಬ್ಯಾರಿಗರ್ ಲೈಬ್ರರಿ. ಒಂದೊಂದು ಹಳೆ ರೈಲು ಕಂಪನಿಗೂ ಅಭಿಮಾನಿಗಳ ಒಂದೊಂದು ಸಂಘ ಇದೆ, ಅವರ ಹತ್ತಿರ ಡ್ರಾಯಿಂಗ್ ಪ್ರತಿ ದುಡ್ಡಿಗೆ ಸಿಗುವುದುಂಟು. ಆದರೆ ಪತ್ರ ಬರೆಯುವಾಗ 'ಒಂದು ಹಳೆ ಬಾಕ್ಸ್‌ಕಾರ್' ಅಂತ ಬರೆದರೆ ಯಾರೂ ಉತ್ತರ ಕೊಡಲ್ಲ. ಇನಿಷಿಯಲ್, ನಂಬರ್ ಸಾಲು, ಕಟ್ಟಿದ ವರ್ಷ ಮೂರೂ ಬರೆಯಿರಿ. ಅದಕ್ಕೇ ಹೇಳಿದ್ದು, ಮೊದಲು ಓದಿ ಅಂತ.

ಇನ್ನೊಂದು, ಅವರಿಗೆ 'ಬೋಗಿ' ಅಂತ ಬರೆಯಬೇಡಿ. ನಾವು ಊರಲ್ಲಿ ಇಡೀ ಡಬ್ಬಿಯನ್ನೇ ಬೋಗಿ ಅಂತೀವಿ. ವರ್ಕ್‌ಶಾಪ್‌ನಲ್ಲಿ ಬೋಗಿ ಅಂದರೆ ಕೆಳಗಿನ ಚಕ್ರದ ಗಾಡಿ ಮಾತ್ರ. ಅಮೆರಿಕದವರು ಅದಕ್ಕೆ 'ಟ್ರಕ್' ಅಂತಾರೆ. ನನ್ನ ಹೆಂಡತಿಗೆ 'ಟ್ರಕ್ ಡ್ರಾಯಿಂಗ್ ಬಂತು' ಅಂದರೆ, ಲಾರಿ ಯಾವಾಗಿಂದ ಶುರು ಮಾಡಿದಿರಿ ಅಂದಳು.

ಡ್ರಾಯಿಂಗ್ ಸಿಕ್ಕಿತು ಅಂದುಕೊಳ್ಳಿ. ಅಳೆಯಬೇಡಿ! ಇದರಲ್ಲಿ ನನ್ನ ಪೆದ್ದತನ ಕೇಳಿ. ಸ್ಕ್ಯಾನ್ ಆದ ಬ್ಲೂಪ್ರಿಂಟ್ ಕಂಪ್ಯೂಟರಿನಲ್ಲಿ ತೆರೆದೆ. ಎಚ್‌ಒ ಅಂದರೆ 87ಕ್ಕೆ 1, ಅಡಿಗೆ 3.5 ಮಿಲಿಮೀಟರ್. 40 ಅಡಿಗೆ 140 ಮಿಲಿಮೀಟರ್ ಬರುವ ಹಾಗೆ ಉದ್ದ ಹೊಂದಿಸಿದೆ, ಎತ್ತರವನ್ನೂ ಅದೇ ಲೆಕ್ಕದಲ್ಲಿ ಅಳೆದು ಪ್ಲಾಸ್ಟಿಕ್ ಶೀಟ್ ಕತ್ತರಿಸಿದೆ. ಅಂಗಡಿಯಿಂದ ತಂದ ಬಾಗಿಲು ಕೂರಲೇ ಇಲ್ಲ. ಅರ್ಧ ಮಿಲಿಮೀಟರ್ ಕಮ್ಮಿ. ಇಷ್ಟೇನಾ ಅಂದ್ಕೋಬೇಡಿ, ನಿಜವಾದ ವ್ಯಾಗನ್‌ನಲ್ಲಿ ಅದು ಒಂದೂಮುಕ್ಕಾಲು ಇಂಚು. ಬ್ಲೂಪ್ರಿಂಟ್ ಮಾಡುವಾಗ ಕಾಗದವನ್ನು ನೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಒಣಗುವಾಗ ಅದು ಉದ್ದಕ್ಕೊಂದು ಥರ, ಅಡ್ಡಕ್ಕೊಂದು ಥರ ಕುಗ್ಗುತ್ತದೆ. ಡ್ರಾಯಿಂಗ್ ಅಳೆಯಬೇಡಿ, ಬರೆದ ಅಳತೆ ಓದಿ ಅಂತ ಸರ್ವೀಸ್ ಪೂರ್ತಿ ಹುಡುಗರಿಗೆ ಬೈದವನು ನಾನು. ಬರೆದ ಅಂಕಿ ಅಲ್ಲೇ, ಗೆರೆಯ ಪಕ್ಕದಲ್ಲೇ ಇತ್ತು.

ಡ್ರಾಯಿಂಗ್‌ನ ಮೂಲೆಯ ಟೇಬಲ್ ಬಿಡಬೇಡಿ. ಏನು ಬದಲಾಯಿಸಿದರು, ಯಾವ ತಾರೀಖು ಅಂತ ಅಲ್ಲಿರುತ್ತದೆ. ಯಾವ ನಂಬರಿನ ವ್ಯಾಗನ್‌ಗಳಿಗೆ ಅಂತಲೂ ಎಷ್ಟೋ ಸಲ ಇರುತ್ತದೆ. ಎಷ್ಟೇ ಆದರೂ ಡ್ರಾಯಿಂಗ್‌ನಲ್ಲಿರುವುದು ಕಟ್ಟಬೇಕು ಅಂದುಕೊಂಡ ವ್ಯಾಗನ್. ಫೋಟೋದಲ್ಲಿರುವುದು ಇಷ್ಟು ವರ್ಷ ಓಡಿ, ಎಲ್ಲೋ ಗುದ್ದಿಸಿಕೊಂಡು, ಯಾವುದೋ ಊರಿನಲ್ಲಿ ಯಾವುದೋ ಬಾಗಿಲು ಹಾಕಿಸಿಕೊಂಡ ವ್ಯಾಗನ್. ಎರಡೂ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನನಗಂತೂ ಇಡೀ ಕೆಲಸದಲ್ಲಿ ಮಜಾ ಇರುವುದೇ ಅಲ್ಲಿ.

ಇದಕ್ಕೆ ದೊಡ್ಡ ಉದಾಹರಣೆ ಯುಎಸ್‌ಆರ್‌ಎ (ಯುದ್ಧಕಾಲದಲ್ಲಿ ರೈಲು ನಡೆಸಿದ ಅಮೆರಿಕ ಸರ್ಕಾರದ ಸಂಸ್ಥೆ) ವ್ಯಾಗನ್‌ಗಳು. ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ, 1917ರ ಡಿಸೆಂಬರ್ ಕೊನೆಯಲ್ಲಿ, ಅಮೆರಿಕ ಸರ್ಕಾರ ಖಾಸಗಿ ರೈಲುಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. 1920ರ ಮಾರ್ಚ್‌ನಲ್ಲಿ ವಾಪಸ್ ಕೊಟ್ಟಿತು. ನಡುವೆ ಒಂದು ಲಕ್ಷ ವ್ಯಾಗನ್‌ಗೆ ಆರ್ಡರ್, ಅದರಲ್ಲಿ ಅರ್ಧ ಬಾಕ್ಸ್‌ಕಾರ್. ಮುಖ್ಯವಾಗಿ ಎರಡು ಥರ. ಒಂದರಲ್ಲಿ ಹೊರಗೂ ಹಲಗೆ, ಒಳಗೂ ಹಲಗೆ, ಉಕ್ಕಿನ ಚೌಕಟ್ಟು ನಡುವೆ ಮುಚ್ಚಿಹೋಗಿರುತ್ತದೆ. ಇನ್ನೊಂದರಲ್ಲಿ ಒಳಗೆ ಮಾತ್ರ ಹಲಗೆ, ಚೌಕಟ್ಟಿನ ಓರೆ ಪಟ್ಟಿಗಳು ಹೊರಗೆ ಪಕ್ಕೆಲುಬಿನ ಹಾಗೆ ಕಾಣುತ್ತವೆ. ಡ್ರಾಯಿಂಗ್ ಒಂದೇ, ಕಟ್ಟಿದ ಕಾರ್ಖಾನೆ ಹಲವು, ಕೈಗೆ ಬಂದ ಕಂಪನಿಗಳು ಇನ್ನೂ ಹಲವು. ಹಿಟ್ಟು ಒಂದೇ ಆದರೂ ಒಬ್ಬೊಬ್ಬರು ಒಂದೊಂದು ಥರ ದೋಸೆ ಹೊಯ್ದರು. ಕೆಲವರು ಆಮೇಲೆ ಹಲಗೆ ಕಿತ್ತು ಉಕ್ಕಿನ ಗೋಡೆ ಕೂರಿಸಿದರು. 1918ರ ಡ್ರಾಯಿಂಗ್ ಹಿಡಿದು 1945ರ ವ್ಯಾಗನ್ ಮಾಡಿದರೆ ಅಂಥ ವ್ಯಾಗನ್ ಯಾವತ್ತೂ ಹಳಿ ಮೇಲೆ ಇರಲೇ ಇಲ್ಲ ಅಂತಾಗಬಹುದು.

ಫೋಟೋದಲ್ಲಿ ಬರಹ ಓದೋಕಾಗದಿದ್ದರೆ ಕಬ್ಬಿಣ ನೋಡಿ ಕಾಲ ಹೇಳಬಹುದು. ಏಣಿ, ಹಿಡಿಕೆಗಳಿಗೆ ಕಟ್ಟುನಿಟ್ಟಾದ ಅಳತೆ ಬಂದದ್ದು 1911ರಲ್ಲಿ. ಟ್ರಕ್‌ನ ಪಕ್ಕದ ಚೌಕಟ್ಟು ಪಟ್ಟಿ ಕಬ್ಬಿಣ ಬಗ್ಗಿಸಿ ಬೋಲ್ಟ್ ಹಾಕಿದ್ದಾಗಿದ್ದರೆ ಅದು ಆರ್ಚ್‌ಬಾರ್. ಅಂಥ ವ್ಯಾಗನ್ ಒಂದು ಕಂಪನಿಯಿಂದ ಇನ್ನೊಂದು ಕಂಪನಿಯ ಹಳಿಗೆ ಹೋಗುವುದು 1940ರ ದಶಕದ ಶುರುವಿನಲ್ಲಿ ನಿಂತುಹೋಯಿತು. ಹೊಟ್ಟೆಯ ಕೆಳಗೆ ಬ್ರೇಕಿನ ಸಿಲಿಂಡರ್, ಗಾಳಿ ತೊಟ್ಟಿ ಅಂಟಿಕೊಂಡು ಒಂದೇ ಉಂಡೆಯ ಹಾಗಿದ್ದರೆ ಹಳೆಯ ಕೆ ಬ್ರೇಕ್. ಸಿಲಿಂಡರ್, ತೊಟ್ಟಿ, ವಾಲ್ವ್ ಮೂರೂ ಬೇರೆ ಬೇರೆ ತೂಗುತ್ತಿದ್ದರೆ ಎಬಿ, ಹೊಸ ವ್ಯಾಗನ್‌ಗಳಿಗೆ ಅದು ಬಂದದ್ದು 1933ರಿಂದ. ತುದಿಯ ಉಕ್ಕಿನ ಗೋಡೆಯಲ್ಲಿ ಏಣುಗಳಿರುತ್ತವಲ್ಲ, ಎಣಿಸಿ. ಮೇಲಿನ ತಗಡಿನಲ್ಲಿ ನಾಲ್ಕಾ, ಕೆಳಗಿನದರಲ್ಲಿ ಐದಾ, ಆಕಾರ ಹೇಗಿದೆ ಅಂತ. ಕೆಲವಂತೂ ಥೇಟ್ ಲಟ್ಟಣಿಗೆ ಜೋಡಿಸಿಟ್ಟ ಹಾಗಿರುತ್ತವೆ. ಏಣಿಯ ಮೆಟ್ಟಿಲು ಎಣಿಸಿ, ಹಲಗೆ ಎಣಿಸಿ. ಎಣಿಕೆ ಕ್ಯಾಮೆರಾ ಕೋನಕ್ಕೆ ಬದಲಾಗಲ್ಲ, ಅಳತೆ ಬದಲಾಗುತ್ತದೆ.

ಫೋಟೋ ಅಳೆಯಬಹುದಾ ಅಂದ್ರಿ. ನೇರ ಎದುರು ನಿಂತು ತೆಗೆದಿದ್ದರೆ, ಒಂದು ಮಟ್ಟಕ್ಕೆ ಆಗುತ್ತದೆ. ಚಕ್ರ ಆಗ ಹೆಚ್ಚಾಗಿ 33 ಇಂಚು, ಅದನ್ನು ಅಳತೆಗೋಲು ಮಾಡಿಕೊಳ್ಳಿ. ಆದರೆ ಚಕ್ರ ಗೋಡೆಗಿಂತ ಒಳಗಿರುತ್ತದೆ, ಅಂದರೆ ಕ್ಯಾಮೆರಾದಿಂದ ಸ್ವಲ್ಪ ದೂರ, ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಅದಕ್ಕಿಂತ ರಿಜಿಸ್ಟರ್‌ನಲ್ಲಿ ಸಿಕ್ಕ ಬಾಗಿಲಿನ ಅಗಲವನ್ನೇ ಆಧಾರ ಮಾಡಿಕೊಳ್ಳುವುದು ಒಳ್ಳೆಯದು. ಮೂಲೆಯಿಂದ ಓರೆಯಾಗಿ ತೆಗೆದ ಫೋಟೋ ಆದರೆ ಅಳೆಯುವ ಆಸೆ ಬಿಡಿ, ಎಣಿಕೆಗೆ ಮಾತ್ರ ಇಟ್ಟುಕೊಳ್ಳಿ.

ಫೋಟೋದ ದೊಡ್ಡ ತೊಂದರೆ, ಚಾವಣಿ, ಹೊಟ್ಟೆ ಎರಡೂ ಕಾಣಲ್ಲ. ಹೊಟ್ಟೆಗೆ ಅಪಘಾತದ ಫೋಟೋಗಳೇ ಗತಿ, ಮಗುಚಿ ಬಿದ್ದ ವ್ಯಾಗನ್ ಎಲ್ಲವನ್ನೂ ತೋರಿಸುತ್ತದೆ. ಬೇರೆಯವರ ನಷ್ಟ ನಮಗೆ ಲಾಭ ಅನ್ನೋಕೆ ಮನಸ್ಸು ಬರಲ್ಲ, ಆದರೂ ನಿಜ. ಚಾವಣಿಗೆ ಜ್ಯಾಕ್ ಡೆಲಾನೋ ಅನ್ನೋ ಫೋಟೋಗ್ರಾಫರ್ ತೆಗೆದ ಫೋಟೋ ನೋಡಿ. 1942-43ರ ಚಳಿಗಾಲದಲ್ಲಿ ಸರ್ಕಾರದ ಪರವಾಗಿ ಶಿಕಾಗೋ ಸುತ್ತಮುತ್ತ ರೈಲ್ವೆ ಯಾರ್ಡ್‌ಗಳಲ್ಲಿ ತೆಗೆದದ್ದು, ಆಮೇಲೆ ಸಾಂಟಾ ಫೆ ರೈಲಿನಲ್ಲಿ ಕ್ಯಾಲಿಫೋರ್ನಿಯಾವರೆಗೂ ಹೋಗಿ ತೆಗೆದದ್ದು. ಎಲ್ಲ ಲೈಬ್ರರಿ ಆಫ್ ಕಾಂಗ್ರೆಸ್ ಸೈಟ್‌ನಲ್ಲಿ ಪುಕ್ಕಟೆ, ದೊಡ್ಡ ಫೈಲ್‌ಗಳೇ ಸಿಗುತ್ತವೆ. ಶಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯ ಯಾರ್ಡ್ ಅನ್ನು ಎತ್ತರದಿಂದ ತೆಗೆದ ಫೋಟೋಗಳಲ್ಲಿ ಚಾವಣಿಗಳು ಸಾಲುಸಾಲಾಗಿ ಕಾಣುತ್ತವೆ, ಬ್ರೇಕ್‌ಮನ್ ಓಡಾಡುತ್ತಿದ್ದ ನಡುವಿನ ಹಲಗೆ ದಾರಿ ಸಮೇತ. ಅವುಗಳಲ್ಲಿ ಕೆಲವು ಕೊಡಾಕ್ರೋಮ್, ಅಂದರೆ ಬಣ್ಣದವು.

ನಿಮ್ಮ ಕಪ್ಪು ಬಣ್ಣದ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಆ ಬಣ್ಣದ ಫೋಟೋಗಳಲ್ಲಿ ಬಾಕ್ಸ್‌ಕಾರ್‌ಗಳು ಹೆಚ್ಚಿನಂಶ ಮಂಗಳೂರು ಹೆಂಚಿನಿಂದ ಹಿಡಿದು ಇಟ್ಟಿಗೆ, ಕಾಫಿಪುಡಿವರೆಗಿನ ಕೆಂಪು-ಕಂದು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಕೆಂಪೆಲ್ಲ ಕಪ್ಪಾಗುತ್ತದೆ, ನೀಲಿ ಆಕಾಶ ಬೆಳ್ಳಗಾಗುತ್ತದೆ. ನಿಮ್ಮ ಫೋಟೋದಲ್ಲಿ ಆಕಾಶ ಬರೀ ಕಾಗದದ ಹಾಗೆ ಬೆಳ್ಳಗಿದ್ದು, ವ್ಯಾಗನ್ ಕಪ್ಪಗಿದ್ದರೆ ಬಹಳ ಮಟ್ಟಿಗೆ ಅದು ಕೆಂಪು-ಕಂದೇ. ಮೋಡ ಇದ್ದ ದಿನ ಯಾವ ಫಿಲ್ಮ್‌ನಲ್ಲೂ ಆಕಾಶ ಬೆಳ್ಳಗೇ ಬರುತ್ತದೆ, ಅದಕ್ಕೆ ನೆಲದ ಮೇಲೆ ನೆರಳು ಗಟ್ಟಿಯಾಗಿದೆಯಾ ಅಂತಲೂ ನೋಡಿಕೊಳ್ಳಿ. ಕಾರ್ಖಾನೆಯವರೇ ತೆಗೆಸಿದ ಫೋಟೋ ಆದರೆ ಹಿಂದಿನ ದೃಶ್ಯವನ್ನೇ ಅಳಿಸಿರುತ್ತಾರೆ, ಆಗ ಆಕಾಶದ ಲೆಕ್ಕ ನಡೆಯಲ್ಲ.

ನೀವು ಹಾಕಿರುವ ಫೋಟೋ ಮೊಬೈಲಿನಲ್ಲಿ ತೆಗೆದದ್ದು, ನಂಬರಿನ ಕೊನೆಯ ಎರಡು ಅಂಕಿ ಫ್ಲ್ಯಾಶ್‌ನಲ್ಲಿ ಹೊಳೆದುಹೋಗಿದೆ. ಅಣ್ಣನಿಗೆ ಹೇಳಿ ಸರಿಯಾಗಿ ಸ್ಕ್ಯಾನ್ ಮಾಡಿಸಿ. ಮೂರು ಜಾಗ ಬೇಕು: ಎಡಗಡೆ ತೂಕದ ಸಾಲು, ಚಕ್ರದ ಮೇಲಿನ ಮೂಲೆಗಳು, ತುದಿ ಗೋಡೆಯ ಏಣು. ಬ್ರೇಕಿನ ಕೈಚಕ್ರ ಇರುವ ತುದಿಯನ್ನು ಬಿ ಎಂಡ್ ಅಂತಾರೆ, ಅದು ಯಾವ ಕಡೆ ಅಂತಲೂ ಬರೆಯಿರಿ. ಇಷ್ಟು ಹಾಕಿದರೆ ರಿಜಿಸ್ಟರ್‌ನಲ್ಲಿ ನಾನೇ ಹುಡುಕ್ತೀನಿ, ಇಲ್ಲಿ ಹೇಗೂ ಮಾರ್ಚ್‌ವರೆಗೆ ಹಿಮ.