ಮಳೆಗಾಲದಲ್ಲಿ ಸೊರಗುವ ಕಲ್ಲುಹವಳ

ಪ್ರಶ್ನೆ: ಮನೆಯ ನೂರು ಲೀಟರ್ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಕಡಲ ನೀರನ್ನೇ ತಂದು ಹಾಕುತ್ತೇನೆ. ಜೂನ್ ನಂತರ ಕಲ್ಲುಹವಳದ ಬುಡದ ಮಾಂಸ ಸರಿದು ಬಿಳಿ ಅಸ್ಥಿ ಕಾಣುತ್ತಿದೆ. ಆಹಾರ ಹೆಚ್ಚಿಸಲೇ?
– ಓದುಗರು, ಕಾರವಾರ

ಉತ್ತರ: ಖಂಡಿತ ಬೇಡ, ಮೊದಲು ನೀರು ಪರೀಕ್ಷಿಸಿ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು, ಕೆಸರು ಸೇರಿ ದಡದ ನೀರಿನ ಉಪ್ಪು ತೀರಾ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಆರ್‌ಒ ನೀರಿಗೆ ರೀಫ್ ಸಾಲ್ಟ್ (ಹವಳದ ತೊಟ್ಟಿಗೆಂದೇ ಸಿಗುವ ಉಪ್ಪು) ಕರಗಿಸಿ ಬಳಸುವುದೇ ಸರಿ. ಉಪ್ಪಂಶ ಸಾವಿರಕ್ಕೆ 35 ಇರಲಿ. ಕಡಿಮೆಯಿದ್ದರೆ ದಿನಕ್ಕೆ ಒಂದರಂತೆ ಮಾತ್ರ ಏರಿಸಿ.

ಅಸ್ಥಿ ಕಟ್ಟಲು ಕ್ಯಾಲ್ಸಿಯಂ ಲೀಟರಿಗೆ 400–450 ಮಿಲಿಗ್ರಾಂ, ಕ್ಷಾರತೆ 8–9 ಡಿಕೆಎಚ್ (ಕ್ಷಾರತೆಯ ಅಳತೆ) ಬೇಕು. ಮೊದಲು ಕುಸಿಯುವುದು ಕ್ಷಾರತೆಯೇ. ನೂರು ಲೀಟರಿಗೆ 3 ಗ್ರಾಂ ಅಡುಗೆ ಸೋಡಾ (ಬೇಕಿಂಗ್ ಪೌಡರ್ ಅಲ್ಲ) ಅದನ್ನು ಸುಮಾರು 1 ಡಿಕೆಎಚ್ ಏರಿಸುತ್ತದೆ. ಒಂದು ಲೋಟ ಆರ್‌ಒ ನೀರಿನಲ್ಲಿ ಪೂರ್ತಿ ಕರಗಿಸಿ, ಪಂಪಿನ ಹರಿವಿಗೆ ನಿಧಾನವಾಗಿ ಸುರಿಯಿರಿ. ದಿನಕ್ಕೆ ಅಷ್ಟೇ ಸಾಕು. ಕ್ಯಾಲ್ಸಿಯಂ ದ್ರಾವಣವನ್ನು ಇದರ ಜೊತೆಗೇ ಸುರಿದರೆ ಎರಡೂ ಸೇರಿ ಸುಣ್ಣದ ಪುಡಿಯಾಗಿ ತಳ ಸೇರುತ್ತವೆ.

ಆಹಾರದ ಮಾತು: ದಪ್ಪ ಪಾಲಿಪ್ಪಿನ (ಪಾಲಿಪ್ ಎಂದರೆ ಹವಳದ ಒಂದೊಂದು ಪುಟ್ಟ ಜೀವಿ) ಹವಳಕ್ಕೆ ವಾರಕ್ಕೆರಡು ಸಲ, ದೀಪ ಆರಿಸಿ ಗ್ರಹಣಾಂಗಗಳು ಹೊರಚಾಚಿದ ಮೇಲೆ, ಸಿಪ್ಪೆ ತೆಗೆದ ಶೆಟ್ಲಿಯ (ಸಿಗಡಿಯ) ಅಕ್ಕಿಕಾಳಿನಷ್ಟು ಚೂರು ಕೊಡಿ. ಹದಿನೈದು ನಿಮಿಷ ಪಂಪ್ ನಿಲ್ಲಿಸಿ. ಉಳಿದದ್ದನ್ನು ತೆಗೆಯದಿದ್ದರೆ ಫಾಸ್ಫೇಟ್ ಏರಿ ಪಾಚಿ ಮುಸುಕುತ್ತದೆ. ಸಣ್ಣ ಪಾಲಿಪ್ಪಿನ ಅಕ್ರೋಪೊರಾ ಹವಳಕ್ಕೆ ಚೂರು ಬೇಡ, ಒಳ್ಳೆಯ ಬೆಳಕು, ಬಲವಾದ ಹರಿವು ಮುಖ್ಯ.

ಇನ್ನೊಂದು ಮಾತು. ನೇತ್ರಾಣಿ ದ್ವೀಪದಿಂದಾಗಲಿ ಬೇರೆಲ್ಲಿಂದಾಗಲಿ ನಮ್ಮ ಕಡಲಿನ ಕಲ್ಲುಹವಳ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಳ್ಳುವಾಗ ಮೂಲದ ದಾಖಲೆ ಕೇಳಿ ಪಡೆಯಿರಿ.